ಬೇರು ನೋಡದೆ ಎಸೆಯಬೇಡಿ

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವುದು ಅಡುಗೆಮನೆ ಬಾಗಿಲ ಹಿಂದೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ. 2013ರ ಕ್ಯಾಲೆಂಡರನ್ನು ಇನ್ನೂ ತೆಗೆದಿಟ್ಟಿದ್ದೇನೆ. ಅದರ ಜುಲೈ ಹಾಳೆಯಲ್ಲಿ ಹಾಲಿನ ಗುರುತುಗಳ ಸಂದಿಯಲ್ಲೇ ಪೆನ್ಸಿಲಿನಿಂದ ‘ಟೊಮೆಟೊ 2 ಹೋಯ್ತು’, ‘ಟೊಮೆಟೊ 3’, ‘ಬದನೆ 1’ ಎಂದು ಬರೆದಿದ್ದೇನೆ. ತಿಂಗಳ ಕೊನೆಗೆ ಕೂಡಿ ನೋಡಿದರೆ ನೆಟ್ಟ ಇಪ್ಪತ್ತು ಟೊಮೆಟೊ ಸಸಿಗಳಲ್ಲಿ ಉಳಿದದ್ದು ನಾಲ್ಕು.

ಆಗ ನಾವು ಶ್ರೀರಂಗಪಟ್ಟಣದ ಗಂಜಾಂ ಕಡೆ ಬಾಡಿಗೆಗೆ ಇದ್ದೆವು. ನಾನು ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಹಳ್ಳಿಯಲ್ಲಾದರೂ ಹೊಲದ ಕೆಲಸಕ್ಕೆ ನನ್ನನ್ನು ಯಾರೂ ಕರೆದವರಲ್ಲ. ‘ಓದೋ ಮಗು, ಓದ್ಕೊಳ್ಲಿ’ ಎಂದು ಬಿಟ್ಟಿದ್ದರು. ಮೊದಲ ಸಲ ಗುದ್ದಲಿ ಹಿಡಿದಾಗ ನನಗೆ ನಲವತ್ತೊಂದು ವರ್ಷ. ಮನೆಯ ಹಿಂದೆ ಮೂವತ್ತಡಿ ಉದ್ದದ ಹಿತ್ತಲು, ಬೇಲಿಯಾಚೆ ಗದ್ದೆ, ಗದ್ದೆಯಾಚೆ ನಾಲೆ. ನೀರಿಗೆ ಕೊರತೆಯೇ ಇಲ್ಲದ ಜಾಗ. ಬೆಳಿಗ್ಗೆ ಒಂದು ಬಿಂದಿಗೆ, ಸಂಜೆ ಒಂದು ಬಿಂದಿಗೆ ಹಾಕುತ್ತಿದ್ದೆ. ಎಲೆ ಜೋತುಬಿದ್ದರೆ ಬಾಯಾರಿದೆ ಅಂದುಕೊಂಡು ಮಧ್ಯಾಹ್ನವೂ ಹಾಕುತ್ತಿದ್ದೆ. ಸತ್ತ ಸಸಿಯನ್ನು ಕಿತ್ತು ತಿಪ್ಪೆಗೆಸೆದು, ಅದೇ ಗುಣಿಯಲ್ಲಿ ಹೊಸದೊಂದನ್ನು ನೆಡುತ್ತಿದ್ದೆ. ಟೊಮೆಟೊ ಸತ್ತಲ್ಲಿ ಬದನೆ, ಬದನೆ ಸತ್ತಲ್ಲಿ ಮೆಣಸಿನಗಿಡ.

ಆಷಾಢದಲ್ಲಿ ಊರಿನಿಂದ ಸೋದರಮಾವ ಬಂದರು. ಕಾಫಿ ಕುಡಿದು ಹಿತ್ತಲಿಗೆ ಬಂದವರು ಬಾಡಿದ ಸಾಲನ್ನು ನೋಡಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: ‘ಕಿತ್ತೆಸ್ದೆಯಲ್ಲ, ಬೇರು ನೋಡಿದ್ಯಾ?’

ನೋಡಿರಲಿಲ್ಲ. ಅವರು ಒಂದು ಸಸಿಯ ಸುತ್ತ ಬೆರಳಿಂದ ಮಣ್ಣು ಬಿಡಿಸಿ, ಅಲ್ಲಾಡದ ಹಾಗೆ ಮೇಲೆತ್ತಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ತೊಳೆದರು. ಬಿಳಿಯಾಗಿರಬೇಕಿದ್ದ ಬೇರು ಕಂದಾಗಿತ್ತು. ಎರಡು ಬೆರಳ ನಡುವೆ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗೆ ನೂಲಿನಂಥ ಎಳೆ ಮಾತ್ರ ಉಳಿಯಿತು. ಮೂಗಿಗೆ ಹಿಡಿದರು; ಚರಂಡಿಯ ವಾಸನೆ. ‘ಇದು ಬಾಯಾರಿ ಸತ್ತದ್ದಲ್ಲ ಕಣವ್ವ, ಉಸಿರು ಕಟ್ಟಿ ಸತ್ತದ್ದು’ ಎಂದರು.

ಆ ದಿನದಿಂದ ಇವತ್ತಿನವರೆಗೆ ನಾನು ಕೈತೋಟದ ಬಗ್ಗೆ ಕಲಿತದ್ದೆಲ್ಲ ಆ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಹೊಸದಾಗಿ ಗಿಡ ಬೆಳೆಸಲು ಹೊರಟವರು ಎಲೆ ನೋಡುತ್ತೇವೆ, ಹೂ ನೋಡುತ್ತೇವೆ. ಗಿಡ ಸತ್ತಾಗ ಬೇಜಾರಾಗಿ ಕಣ್ಣಿಗೆ ಕಾಣದ ಕಡೆ ಎಸೆಯುತ್ತೇವೆ. ಸಾವಿನ ಕಾರಣ ಬಹುಪಾಲು ಮಣ್ಣಿನೊಳಗೆ ಇರುತ್ತದೆ, ಅದನ್ನೇ ಓದದೆ ಬಿಡುತ್ತೇವೆ. ಅದೇ ತಪ್ಪು ಮತ್ತೆ ಮತ್ತೆ ಆಗುವುದು ಅದಕ್ಕೇ.

ಬೇರು ಉಸಿರಾಡುತ್ತದೆ ಅನ್ನುವುದನ್ನು ಶಾಲೆಯಲ್ಲಿ ಓದಿದ್ದೆ, ನಂಬಿರಲಿಲ್ಲ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಅರ್ಧ ನೀರು, ಅರ್ಧ ಗಾಳಿ ಇದ್ದರೆ ಗಿಡಕ್ಕೆ ಹಿತ. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರಿಗೆ ಗಾಳಿ ಸಿಗದು. ಗಾಳಿಯಿಲ್ಲದ ಬೇರಿಗೆ ನೀರು ಹೀರುವ ಶಕ್ತಿಯೂ ಇರದು. ಆಗ ನೀರಿನ ನಡುವೆಯೇ ನಿಂತ ಗಿಡ ಬಾಯಾರಿದಂತೆ ಬಾಡುತ್ತದೆ. ನೋಡಿದವರು ಇನ್ನೊಂದು ಬಿಂದಿಗೆ ಹಾಕುತ್ತಾರೆ. ಪಕ್ಕದ ಗದ್ದೆಯಲ್ಲಿ ಭತ್ತ ಮಂಡಿಯುದ್ದ ನೀರಿನಲ್ಲಿ ನಗುನಗುತ್ತಾ ನಿಂತಿತ್ತಲ್ಲ ಎಂದು ಮಾವನನ್ನು ಕೇಳಿದ್ದೆ. ಭತ್ತದ ದಾರಿ ಬೇರೆ. ಅದರ ಎಲೆ, ಕಾಂಡದಿಂದ ಬೇರಿನವರೆಗೆ ಗಾಳಿ ಇಳಿಯುವ ಸಣ್ಣ ಕೊಳವೆಗಳಿವೆ. ಟೊಮೆಟೊಗೆ ಅದಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಎಲೆ ಜೋತುಬೀಳುವುದು ರೋಗವಲ್ಲ, ಬೇಡಿಕೆಯೂ ಅಲ್ಲ. ಸಂಜೆ ಆರು ಗಂಟೆಗೆ ಮತ್ತೆ ನೋಡಿ. ತಾನಾಗಿ ಎದ್ದು ನಿಂತಿದ್ದರೆ ನೀರು ಬೇಕಿಲ್ಲ. ಎದ್ದಿಲ್ಲವಾದರೆ ಬೆರಳಿನ ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ನೀರು, ತೇವವಿದ್ದರೆ ಬೇರಿನ ತೊಂದರೆ. ಇನ್ನೊಂದು ಪರೀಕ್ಷೆಯನ್ನು ನಾನು ತಡವಾಗಿ ಕಲಿತೆ. ಬಾಡಿದ ಟೊಮೆಟೊ ಕಾಂಡವನ್ನು ಬುಡದ ಹತ್ತಿರ ಕುಯ್ದು, ತಿಳಿನೀರಿನ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಬೇಕು. ಕುಯ್ದ ಜಾಗದಿಂದ ಹಾಲಿನ ಎಳೆಯಂತೆ ಬಿಳಿ ದ್ರವ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಆ ಮಣ್ಣಿನಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದನ್ನೂ ಸದ್ಯಕ್ಕೆ ನೆಡಬಾರದು; ನಾಲ್ಕೂ ಒಂದೇ ಕುಟುಂಬ, ಒಂದರ ಕಾಯಿಲೆ ಇನ್ನೊಂದಕ್ಕೆ ಹತ್ತುತ್ತದೆ. ನಾನು ಮಾಡಿದ್ದು ಸರಿಯಾಗಿ ಅದನ್ನೇ. ಕಾಯಿಲೆಯಿಂದ ಒಬ್ಬ ಹೋದ ಹಾಸಿಗೆಯ ಮೇಲೆ ಅವನ ತಮ್ಮನನ್ನೇ ಮಲಗಿಸಿದಂತೆ.

ಮಂಡ್ಯ ಸೀಮೆಯ ಮಟ್ಟಿಗೆ ಇದು ಒಂದು ಹಿತ್ತಲಿನ ಕತೆ ಮಾತ್ರವಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಮುಂದೆ 1930ರ ದಶಕದಲ್ಲಿ, ಈಗ ನಾವು ವಿಶ್ವೇಶ್ವರಯ್ಯ ನಾಲೆ ಎನ್ನುವ ಇರ್ವಿನ್ ನಾಲೆಯಲ್ಲಿ ನೀರು ಹರಿದು, ರಾಗಿ ಹುರುಳಿ ಬೆಳೆಯುತ್ತಿದ್ದ ಬಯಲು ಭತ್ತ ಕಬ್ಬಿನ ಬಯಲಾಯಿತು. ಈ ಜಿಲ್ಲೆಯ ಲಕ್ಷಾಂತರ ಜನರ ಊಟ, ಮಕ್ಕಳ ಓದು ಎಲ್ಲ ಆ ನೀರಿನಿಂದ ಬಂದದ್ದು. ಆದರೆ ನೀರು ಹರಿಸುವುದನ್ನು ಕಲಿತಷ್ಟು ಬೇಗ ಬಸಿಯುವುದನ್ನು ನಾವು ಕಲಿಯಲಿಲ್ಲ. ಮೊದಲ ವರ್ಷಗಳಲ್ಲೇ ನಾಲೆ ಬಯಲಿನ ಹಳ್ಳಿಗಳಲ್ಲಿ ಮಲೇರಿಯಾ ಹೆಚ್ಚಿತು. ತಗ್ಗಿನ ಗದ್ದೆಗಳಲ್ಲಿ ಜೌಗು ಹಿಡಿಯಿತು. ಕೆಲವೆಡೆ ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಕಾಣುವ ಚೌಳು ಬಂತು. ನಾಲೆಗೆ ಒಂದೇ ಸಮನೆ ನೀರು ಹರಿಸದೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯನ್ನು ರೈತರು ನೀರಿನ ಕೊರತೆಯೆಂದೇ ನೋಡುತ್ತಾರೆ. ಕೊರತೆಯ ವರ್ಷದಲ್ಲಿ ಅದು ನಿಜವೇ. ಆದರೂ ಹಿತ್ತಲಿನ ಪಾತಿಗೆ ನಾನು ಈಗ ಪಾಲಿಸುವುದು ಕಟ್ಟು ಪದ್ಧತಿಯನ್ನೇ: ಮೂರು ದಿನಕ್ಕೊಮ್ಮೆ ಬೇರಿಗೆ ಇಳಿಯುವಷ್ಟು ಕೊಡುವುದು, ನಡುವೆ ಮಣ್ಣು ಆರಲು ಬಿಡುವುದು.

ಹೊಸ ಜಾಗದಲ್ಲಿ ಮೊದಲು ಮಾಡಬೇಕಾದ ಕೆಲಸ ಸಸಿ ತರುವುದಲ್ಲ. ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಗಡಿಯಾರ ನೋಡಿ. ಮೂರು ನಾಲ್ಕು ಗಂಟೆಯೊಳಗೆ ಇಂಗಿದರೆ ತರಕಾರಿಗೆ ಅಡ್ಡಿಯಿಲ್ಲ. ಗಂಜಾಂ ಹಿತ್ತಲಿನಲ್ಲಿ ಮಾವ ತೋಡಿಸಿದ ಗುಂಡಿಯಲ್ಲಿ ಮರುದಿನ ಬೆಳಿಗ್ಗೆಯೂ ನೀರು ನಿಂತಿತ್ತು. ಅಂಥ ಕಡೆ ತಗ್ಗು ಪಾತಿ ಮಾಡಲೇಬಾರದು. ಅರ್ಧ ಅಡಿಯಿಂದ ಮುಕ್ಕಾಲು ಅಡಿ ಎತ್ತರದ ಏರುಮಡಿ ಮಾಡಿ, ಮಡಿಗಳ ನಡುವೆ ನೀರು ಹೊರಗೆ ಹೋಗಲು ಬಸಿಗಾಲುವೆ ಬಿಡಬೇಕು. ಮುಂದಿನ ವರ್ಷ ಹಾಗೆಯೇ ಮಾಡಿದೆ. 2014ರ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಸತ್ತವರ ಪಟ್ಟಿ ಚಿಕ್ಕದು.

ಗಂಜಾಂನ ತೋಟದ ವಿಚಾರ ಮಾತಾಡಿ ಅಂಜೂರ ನೆನೆಯದಿರಲು ಆಗದು. ಗಂಜಾಂ ಅಂಜೂರ ಒಂದು ಕಾಲಕ್ಕೆ ಮೈಸೂರು ಸೀಮೆಯಲ್ಲೆಲ್ಲ ಹೆಸರಾದ ಹಣ್ಣು. ಈಗ ಅದನ್ನು ಬೆಳೆಯುವವರನ್ನು ಹುಡುಕಬೇಕು. ಶ್ರೀರಂಗಪಟ್ಟಣದ ದ್ವೀಪವೇ ತೋಟಗಳ ಊರು. 17ನೇ ಶತಮಾನದ ಬಂಗಾರದೊಡ್ಡಿ ನಾಲೆ ಹೊಳೆಯ ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ದ್ವೀಪಕ್ಕೆ ನೀರು ತಂದಿತು. 1784ರಲ್ಲಿ ಟಿಪ್ಪು ದರಿಯಾ ದೌಲತ್ ಅರಮನೆ ಕಟ್ಟಿಸಿದ್ದೂ ತೋಟದ ನಡುವೆಯೇ. ದ್ವೀಪದ ಪೂರ್ವದ ತುದಿಯಲ್ಲಿ, ಟಿಪ್ಪುವಿನ ಸಮಾಧಿಯಿರುವ ಗುಂಬಜ್ ಸುತ್ತ, ಲಾಲ್‌ಬಾಗ್ ಇತ್ತು. 1792ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಅಲ್ಲಿ ಬೀಡುಬಿಟ್ಟಾಗ ಸಾಲು ಸಾಲು ಸೈಪ್ರೆಸ್ ಮರಗಳನ್ನು ಮುತ್ತಿಗೆಯ ಕೆಲಸಕ್ಕೆ ಕಡಿದುಹಾಕಿತು. ಬೆಳೆಸಿದವರು ಯಾರೆಂದು ಯಾವ ಕಲ್ಲಿನಲ್ಲೂ ಬರೆದಿಲ್ಲ. ಗುಂಬಜ್‌ಗೆ ಹೋದಾಗಲೆಲ್ಲ ಆ ಹೆಸರಿಲ್ಲದ ಮಾಲಿಗಳ ನೆನಪಾಗಿ ಸಂಕಟವಾಗುತ್ತದೆ.

ಟಿಪ್ಪುವಿನ ಪತ್ರಗಳಲ್ಲಿ ಬೀಜ, ಸಸಿ, ರೇಷ್ಮೆಹುಳುಗಳ ವಿಚಾರ ಮತ್ತೆ ಮತ್ತೆ ಬರುತ್ತದೆ. ಬಂಗಾಳದಿಂದ ರೇಷ್ಮೆಹುಳು ತರಿಸಿ, ಅದನ್ನು ಸಾಕಬಲ್ಲವರನ್ನೂ ಕರೆಸಿ, ರಾಜ್ಯದ ಹಲವು ಕಡೆ ಹಿಪ್ಪುನೇರಳೆ ಹಾಕಿಸಿದ ಅರಸ ಆತ. ಹುಳು ತಂದರೆ ಸಾಲದು, ಸಾಕುವ ಕೈಯೂ ಅದರ ಜೊತೆ ಬರಬೇಕು ಎಂಬುದು ಆತನಿಗೆ ಗೊತ್ತಿತ್ತು. ನರ್ಸರಿಯಲ್ಲಿ ಚೆಂದದ ಗಿಡ ಕಂಡ ಕೂಡಲೇ ಕೊಳ್ಳುವ ನಮಗೆ, ಬೆಳೆಸಿದವರ ಹತ್ತಿರ ಎರಡು ಮಾತು ಕೇಳುವ ವ್ಯವಧಾನ ಇರುವುದಿಲ್ಲ.

ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನಕ್ಕೆ ನಾನು ಚಿಕ್ಕಂದಿನಲ್ಲಿ ಹೋದದ್ದು ಕಾರಂಜಿ ನೋಡಲು. ಗಿಡ ಬೆಳೆಸಲು ಶುರುಮಾಡಿದ ಮೇಲೆ ಹೋದಾಗ ಕಣ್ಣು ಬಿದ್ದದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅದರ ನೆಲದ ಮೇಲೆ. ದಿವಾನ್ ಮಿರ್ಜಾ ಇಸ್ಮಾಯಿಲರ ಉಸ್ತುವಾರಿಯಲ್ಲಿ, ಜರ್ಮನಿಯಿಂದ ಬಂದ ಕ್ರುಂಬಿಗಲ್ ರೂಪಿಸಿ, 1932ರಲ್ಲಿ ಮುಗಿದ ತೋಟ ಅದು. ಅಷ್ಟು ನೀರಿನ ಬುಡದಲ್ಲಿ ಗುಲಾಬಿ ಕೊಳೆಯದೆ ನಿಲ್ಲಬೇಕಾದರೆ ಬಂದ ನೀರಿಗೆ ಹೋಗುವ ದಾರಿ ಇರಲೇಬೇಕು. ಹೂವಿನ ಮಡಿಯನ್ನೂ ಅದರ ಪಕ್ಕದ ಕಾಲುವೆಯನ್ನೂ ಒಟ್ಟಿಗೆ ನೋಡುವುದನ್ನು ನಾನು ಕಲಿತದ್ದು ಅಲ್ಲಿ.

ನಮ್ಮಣ್ಣ ಇರುವುದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಾವತಿ ಸೀಮೆ. ಕೆ.ಆರ್. ಪೇಟೆಯ ಹಳೆಯ ಹೆಸರು ಅತ್ತಿಗುಪ್ಪೆ. ಅತ್ತಿಯೂ ಅಂಜೂರವೂ ಒಂದೇ ಜಾತಿಯ ಮರಗಳು ಎಂದು ತಿಳಿದ ದಿನ ನನಗೆ ಹೇಳಲಾಗದ ಖುಷಿಯಾಗಿತ್ತು. ಅಣ್ಣ ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಮುಕ್ಕಾಲು ಎಕರೆಗೆ ತೆಂಗು ಹಾಕಿದ. ತೆಂಗಿಗೆ ಇಪ್ಪತ್ತೈದರಿಂದ ಮೂವತ್ತಡಿ ಅಂತರ ಬೇಕು. ಸಸಿ ಚಿಕ್ಕದಿದ್ದಾಗ ಅಷ್ಟು ಜಾಗ ಖಾಲಿ ಬಿಡಲು ಕೈ ಬರುವುದಿಲ್ಲ. ಹದಿನೆಂಟಡಿಗೊಂದು ನೆಟ್ಟ. ‘ಗರಿ ಕೂಡ್ಕೋಬೇಕಾದ್ರೆ ಹತ್ತು ವರ್ಷ ಆಯ್ತದೆ ಬುಡು’ ಎಂದಿದ್ದ. ಗರಿ ಕೂಡಿಕೊಂಡವು. ಬೆಳಕಿಗಾಗಿ ಮರಗಳು ಎಳೆದುಕೊಂಡು ಎತ್ತರಕ್ಕೆ ಹೋದವು, ಹೊಂಬಾಳೆ ಕಮ್ಮಿ. ಈಗ ಸಾಲು ಬಿಟ್ಟು ಸಾಲು ತೆಗೆಯಬೇಕು, ತೆಗೆಯಲು ಮನಸ್ಸು ಒಪ್ಪುತ್ತಿಲ್ಲ. ತೋಟದ ಬೇರೆ ತಪ್ಪುಗಳು ಒಂದು ಮಳೆಗಾಲದಲ್ಲಿ ಗೊತ್ತಾಗುತ್ತವೆ, ಅಂತರದ ತಪ್ಪು ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಎದುರು ನಿಲ್ಲುತ್ತದೆ. ಆದ್ದರಿಂದ ಮರದ ಸಸಿ ನೆಡುವಾಗ ಅಳತೆಗೆ ಟೇಪು ಹಿಡಿಯಿರಿ, ಕಣ್ಣಳತೆ ಬೇಡ.

ಅಣ್ಣ ಮಾಡಿದ ಇನ್ನೊಂದು ಕೆಲಸ ಹಸಿ ಸಗಣಿಯದು. ಕೊಟ್ಟಿಗೆಯಿಂದ ನೇರವಾಗಿ ತಂದು ಬುಡಕ್ಕೆ ಸುರಿದ. ಕಳಿಯದ ಗೊಬ್ಬರ ಕಳಿಯುವಾಗ ಬಿಸಿಯಾಗುತ್ತದೆ, ಎಳೆ ಬೇರು ಸುಡುತ್ತದೆ. ಅದಕ್ಕಿಂತ ದೊಡ್ಡ ಕಾಟ ಹುಳುವಿನದು. ಒಣಗಿದ ಬಾಳೆಕಂದೊಂದನ್ನು ಕಿತ್ತಾಗ, ಬೇರು ನೋಡುವ ಅಭ್ಯಾಸ ಆಗ ನನಗಿತ್ತು, ಬುಡದಲ್ಲಿ ಬೆರಳುಗಾತ್ರದ ಬಿಳಿ ಗೊಣ್ಣೆಹುಳುಗಳು ಸುರುಳಿ ಸುತ್ತಿಕೊಂಡು ಮಲಗಿದ್ದವು, ಬೇರು ಕತ್ತರಿಸಿಟ್ಟಂತಿತ್ತು. ತಿಪ್ಪೆಗುಂಡಿಯಲ್ಲೂ ಅಂಥವೇ ದಪ್ಪ ಹುಳುಗಳು, ಇವು ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿಗಳು. ಹೊಸ ಗರಿ ಬಿಚ್ಚಿದಾಗ ಕತ್ತರಿಯಿಂದ ಬೀಸಣಿಗೆಯ ಆಕಾರಕ್ಕೆ ಕತ್ತರಿಸಿದಂತೆ ಕಂಡರೆ ಆ ದುಂಬಿ ಸುಳಿಗೆ ಇಳಿದಿತ್ತು ಎಂದರ್ಥ. ಮರದ ತುದಿಯಲ್ಲಿ ಕಂಡ ಕಾಯಿಲೆಯ ಮೂಲ ಮನೆ ಮುಂದಿನ ತಿಪ್ಪೆಯಲ್ಲಿ. ಗೊಬ್ಬರವನ್ನು ಆಗಾಗ ಮಗುಚಿ, ಹುಳು ಆರಿಸಿ ತೆಗೆದು, ಕನಿಷ್ಠ ಐದಾರು ತಿಂಗಳು ಕಳಿಸಿ ಹಾಕಬೇಕು. ಕೈಯಲ್ಲಿ ಹಿಡಿದರೆ ಸಗಣಿಯ ವಾಸನೆ ಹೋಗಿ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಅಷ್ಟು ಕಾಯಲು ನಮ್ಮಂಥ ಹೊಸಬರಿಗೆ ಬಹಳ ಕಷ್ಟ.

ನಾಗಮಂಗಲದ ನೆಲ ಗಂಜಾಂ ನೆಲಕ್ಕೆ ತದ್ವಿರುದ್ಧ. ಕೆಂಪು ಜಲ್ಲಿ ಮಣ್ಣು, ಸುರಿದ ನೀರು ಕಣ್ಣೆದುರೇ ಮಾಯ. ಗಂಜಾಂನಲ್ಲಿ ಕಲಿತ ಏರುಮಡಿಯ ಪಾಠವನ್ನು ನಾನು ತವರಿನ ಹಿತ್ತಲಿಗೆ ಒಯ್ದೆ. ಅಮ್ಮ ಬೇಡವೆಂದರೂ ಕೇಳದೆ ಎತ್ತರದ ಮಡಿ ಮಾಡಿ ಅವರೆ, ಸೋರೆ ಹಾಕಿದೆ. ಒಂದು ವಾರ ಮಳೆ ಕೈಕೊಟ್ಟಿತು. ಏರುಮಡಿ ನಾಲ್ಕೂ ಕಡೆಯಿಂದ ಒಣಗಿತು. ಸಮನೆಲದಲ್ಲಿ ಅಮ್ಮ ಹಾಕಿದ್ದ ಅವರೆ ಹಸಿರಾಗಿ ನಿಂತು, ನನ್ನದು ಸುಟ್ಟಿತು. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಅಷ್ಟು ದೂರದಲ್ಲಿ ಒಂದು ಊರಿನ ಸರಿ ಇನ್ನೊಂದು ಊರಿನ ತಪ್ಪಾಗಿತ್ತು. ಪುಸ್ತಕ, ವಿಡಿಯೊ, ನೆಂಟರ ಸಲಹೆ ಎಲ್ಲವನ್ನೂ ನಾನು ಆ ದಿನದಿಂದ ‘ಯಾವ ಮಣ್ಣಿನ ಮಾತು ಇದು?’ ಎಂದು ಕೇಳಿಯೇ ತೆಗೆದುಕೊಳ್ಳುತ್ತೇನೆ.

ಅಲ್ಲಿ ಬೇಕಾದದ್ದು ತಗ್ಗಿನ ಪಾತಿ, ಮೇಲೆ ದಪ್ಪ ಹೊದಿಕೆ. ಮಾವ ತೆಂಗಿನ ಬುಡದ ಸುತ್ತ ಅಗಲ ಚರ ತೆಗೆದು ತೆಂಗಿನ ಸಿಪ್ಪೆಯನ್ನು ಒಳಮುಖ ಮೇಲೆ ಬರುವಂತೆ ಜೋಡಿಸಿ ಮಣ್ಣು ಮುಚ್ಚುತ್ತಾರೆ. ಮಳೆ ಬಂದಾಗ ಸಿಪ್ಪೆಯ ನಾರು ನೀರು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ. ಸಿಪ್ಪೆಗೆ ಅಲ್ಲಿ ಬರವಿಲ್ಲ, ನೀರಿಗೆ ಬರ. ಇರುವುದನ್ನು ಇಲ್ಲದ್ದಕ್ಕೆ ಜೋಡಿಸಿದ್ದಾರೆ.

ನಾಗಮಂಗಲದಲ್ಲೇ ನಾನು ಮಾಡಿದ ಇನ್ನೊಂದು ತಪ್ಪನ್ನು ಹೇಳಲು ಈಗಲೂ ನೋವಾಗುತ್ತದೆ. ಅಪ್ಪನ ನೆನಪಿಗೆಂದು ಮಾವಿನ ಕಸಿ ಸಸಿ ನೆಟ್ಟಿದ್ದೆ. ಎರಡು ವರ್ಷ ಬದುಕಿತ್ತು, ಬೆಳೆಯಲಿಲ್ಲ. ಮೂರನೆಯ ಬೇಸಿಗೆಯಲ್ಲಿ ಒಣಗಿತು. ಅಗೆದು ನೋಡಿದರೆ ನರ್ಸರಿಯ ಕಪ್ಪು ಕವರ್ ಹಾಗೇ ಇತ್ತು. ನೆಟ್ಟ ದಿನ ತಳವನ್ನು ಮಾತ್ರ ಹರಿದು, ಮಿಕ್ಕದ್ದು ತಾನಾಗಿ ಕೊಳೆಯುತ್ತದೆ ಅಂದುಕೊಂಡಿದ್ದೆ. ಬೇರುಗಳು ಕವರಿನೊಳಗೇ ಸುತ್ತಿ ಸುತ್ತಿ ಹಗ್ಗದಂತೆ ಹೆಣೆದುಕೊಂಡಿದ್ದವು. ಕವರ್ ಪೂರ್ತಿ ತೆಗೆಯಬೇಕು. ಬೇರು ಸುತ್ತಿಕೊಂಡಿದ್ದರೆ ಬೆರಳಿಂದ ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ ನೆಡಬೇಕು. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು. ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನೂ ಮರೆಯದೆ ಬಿಚ್ಚಬೇಕು.

 

ಏಳು ವರ್ಷದಿಂದ ಪಾಂಡವಪುರದಲ್ಲಿ ಸ್ವಂತ ಮನೆ. ಗದ್ದೆ ಮುಚ್ಚಿ ಮಾಡಿದ ಬಡಾವಣೆ. ಮನೆ ಕಟ್ಟಿ ಉಳಿದ ಸಿಮೆಂಟು, ಇಟ್ಟಿಗೆ ಚೂರು, ಸುಣ್ಣದ ಪುಡಿಯ ಮೇಲೆ ಒಂದು ಲೋಡು ಮಣ್ಣು ಹರಡಿದ ನೆಲ ಅದು. ಎರಡಡಿ ಅಗೆಯದೆ ನೆಟ್ಟ ಕರಿಬೇವು ಮೂರು ವರ್ಷ ಹಳದಿಯಾಗಿಯೇ ಇತ್ತು. ಕುಂಡಗಳಿಗೆ ಕೆರೆಗೋಡು, ಅಂದರೆ ಕೆರೆಯ ಹೂಳು, ತುಂಬಿಸಿದ್ದು ಇನ್ನೊಂದು ತಪ್ಪು. ಹೊಲಕ್ಕೆ ಹರಡಿದರೆ ಕೆರೆಗೋಡು ಚಿನ್ನ, ಅದನ್ನೇ ನಂಬಿ ಕುಂಡದಲ್ಲಿ ಬರೀ ಗೋಡು ತುಂಬಿದೆ. ಎರಡು ನೀರಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿತು. ಹಾಕಿದ ನೀರು ಕುಂಡದ ಅಂಚಿನಿಂದ ಇಳಿದು ಹೋಗುತ್ತಿತ್ತು, ನಡುವಿನ ಬೇರು ಒಣ. ಈಗ ಗೋಡು ಒಂದು ಪಾಲು, ಕಳಿತ ಗೊಬ್ಬರ ಒಂದು ಪಾಲು, ಮರಳೋ ತೆಂಗಿನ ನಾರಿನ ಪುಡಿಯೋ ಒಂದು ಪಾಲು ಬೆರೆಸುತ್ತೇನೆ. ಮಣ್ಣಿನ ಗುಣ ತಿಳಿಯಲು ಗಾಜಿನ ಬಾಟಲಿ ಸಾಕು. ಕಾಲು ಭಾಗ ಮಣ್ಣು, ಮಿಕ್ಕದ್ದು ನೀರು, ಚೆನ್ನಾಗಿ ಕುಲುಕಿ ಒಂದು ದಿನ ಬಿಟ್ಟರೆ ತಳದಲ್ಲಿ ಮರಳು, ಅದರ ಮೇಲೆ ಮೆಕ್ಕಲು, ತೀರ ಮೇಲೆ ಜೇಡಿ ಪದರವಾಗಿ ನಿಲ್ಲುತ್ತದೆ. ಇನ್ನೂ ಸರಿಯಾಗಿ ತಿಳಿಯಬೇಕಾದರೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಇದೆ. ವಿಶ್ವೇಶ್ವರಯ್ಯ ನಾಲೆಯ ಹೆಸರಿನ ಆ ಫಾರಂನಲ್ಲೇ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ರಾಗಿ ತಳಿಗಳನ್ನು ರೂಪಿಸಿದ್ದು. ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಒಂದು ತಳಿ ನಿಲ್ಲಿಸುವ ಮೊದಲು ಎಷ್ಟು ಸಾಲು ರಾಗಿ ಕಿತ್ತೆಸೆಯಬೇಕಾಯಿತೋ ಎಂದು ಮುದ್ದೆ ಉಣ್ಣುವಾಗ ನನಗೆ ಎಷ್ಟೋ ಸಲ ಅನ್ನಿಸಿದೆ.

ಕೊತ್ತಂಬರಿ ಹುಟ್ಟದಿದ್ದುದಕ್ಕೆ ಬೀಜ ಕೆಟ್ಟದ್ದೆಂದು ಎರಡು ಸಲ ಹೊಸ ಪೊಟ್ಟಣ ತಂದೆ. ಅದು ಬೀಜವಲ್ಲ, ಎರಡು ಬೀಜ ಒಳಗಿಟ್ಟುಕೊಂಡ ಕಾಯಿ. ಚಪ್ಪಲಿಯಿಂದಲೋ ಕಲ್ಲಿನಿಂದಲೋ ಮೆಲ್ಲಗೆ ಉಜ್ಜಿ ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಬೇಕು, ಹತ್ತು ಹನ್ನೆರಡು ದಿನ ಕೆದಕದೆ ಇರಬೇಕು. ಮೆಂತ್ಯ ಮೂರು ದಿನಕ್ಕೆ ಮೇಲೆ ಬರುವುದನ್ನು ನೋಡಿದವರಿಗೆ ಈ ಹತ್ತು ದಿನ ತೀರ ಉದ್ದ.

ಮೆಣಸಿನ ಗಿಡವೊಂದು ಸೊರಗಿ ನಿಂತಿತ್ತು, ಸಾಯಲೂ ಇಲ್ಲ. ಎಲೆಯಲ್ಲಿ ಹುಳುವಿಲ್ಲ, ಮಣ್ಣು ಸರಿ, ನೀರು ಸರಿ. ಕಿತ್ತು ತೊಳೆದರೆ ಬೇರಿನ ತುಂಬ ಸಣ್ಣ ಸಣ್ಣ ಗಂಟು, ರಾಗಿ ಕಾಳು ಪೋಣಿಸಿದ ಹಾಗೆ. ಬೇರುಗಂಟು ರೋಗ, ಕಣ್ಣಿಗೆ ಕಾಣದ ಜಂತುಹುಳುಗಳ ಕೆಲಸ. ಆ ಮಡಿಗೆ ಬೇವಿನ ಹಿಂಡಿ ಸೇರಿಸಿ ಒಂದು ಬೆಳೆಯ ಕಾಲ ಒತ್ತೊತ್ತಾಗಿ ಚೆಂಡುಹೂ ಹಾಕಿದೆ. ಚೆಂಡುಹೂವಿನ ಬೇರು ಆ ಹುಳುಗಳಿಗೆ ಆಗದು. ದಸರಾಕ್ಕೆ ಬಾಗಿಲಿಗೆ ಹಾರವೂ ಆಯಿತು. ಬೇರು ನೋಡದಿದ್ದರೆ ನಾನು ಯಾವುದೋ ಔಷಧಿ ತಂದು ಎಲೆಗೆ ಹೊಡೆಯುತ್ತಿದ್ದೆ. ಇದನ್ನು ಒತ್ತಿ ಹೇಳುತ್ತೇನೆ: ಹೆಸರು ಗೊತ್ತಿಲ್ಲದ ಕಾಯಿಲೆಗೆ ಅಂಗಡಿಯವರು ಕೊಟ್ಟ ಡಬ್ಬಿಯನ್ನು, ಅದರ ಮೇಲೆ ಬರೆದದ್ದನ್ನು ಓದದೆ, ಮನೆಯವರು ತಿನ್ನುವ ಸೊಪ್ಪಿನ ಮೇಲೆ ಸಿಂಪಡಿಸಬೇಡಿ. ಗಿಡ ಹೋದರೆ ಇನ್ನೊಂದು ನೆಡಬಹುದು.

2023ರಲ್ಲಿ ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. 124.80 ಅಡಿಯ ಅಣೆಕಟ್ಟಿನ ಮಟ್ಟ ಪತ್ರಿಕೆಯಲ್ಲಿ ದಿನವೂ ಇಳಿಯುವುದನ್ನು ಓದಿ ಮನೆಯಲ್ಲಿ ಪಾತ್ರೆ ತೊಳೆದ ನೀರನ್ನೂ ಎತ್ತಿಡುತ್ತಿದ್ದೆವು. ಮುಂದಿನ ಬೇಸಿಗೆಯಲ್ಲಿ ಮಾವನ ನಾಗಮಂಗಲದ ಪಾಠ ಪಾಂಡವಪುರಕ್ಕೆ ಬಂತು. ಆಲೆಮನೆಯ ಹತ್ತಿರದ ಹೊಲದಿಂದ ಕಬ್ಬಿನ ತರಗು ತಂದು ಅರ್ಧ ಅಡಿ ದಪ್ಪ ಹೊದಿಸಿದೆ. ವಾರಕ್ಕೆರಡು ಸಲ ಹಾಕುತ್ತಿದ್ದ ನೀರು ಒಂದು ಸಲಕ್ಕೆ ಇಳಿಯಿತು. ಎಷ್ಟೋ ಹೊಲಗಳಲ್ಲಿ ಆ ತರಗಿಗೆ ಬೆಂಕಿ ಹಾಕುತ್ತಾರೆ. ಹೊಗೆ ಎದ್ದ ಸಂಜೆಗಳಲ್ಲಿ ನನಗೆ ಹೊಟ್ಟೆ ಉರಿಯುತ್ತದೆ. ಮಣ್ಣಿನ ಬಟ್ಟೆಯನ್ನು ಸುಡುತ್ತಿದ್ದೇವೆ.

ಪಾಂಡವಪುರದಿಂದ ಮೇಲುಕೋಟೆ ಹತ್ತಿರ. ಅಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಇದೆ. ಅವರ ಮಗ ಸಂತೋಷ್ ಕೌಲಗಿಯವರ ‘ಹೊಸ ಜೀವನ ದಾರಿ’ ತೋಟದಲ್ಲಿ ಬರಡು ನೆಲಕ್ಕೆ ಮತ್ತೆ ಹಸಿರು ಬಂದದ್ದು ಜಪಾನಿನ ಮಸನೊಬು ಫುಕುವೋಕರ ಸಹಜ ಕೃಷಿಯ ಪ್ರೇರಣೆಯಿಂದ. ಫುಕುವೋಕರನ್ನು ನಮಗೆ ಪರಿಚಯಿಸಿದ ಕನ್ನಡ ಪುಸ್ತಕಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಸಹಜ ಕೃಷಿ’ ಮುಖ್ಯವಾದದ್ದು. ಏನೂ ಮಾಡದ ಕೃಷಿ ಎಂಬ ಮಾತು ಕೇಳಿ ಬಹಳ ಜನ ಗಿಡ ನೆಟ್ಟು ಸುಮ್ಮನಿರುತ್ತಾರೆ. ಸ್ವತಃ ಫುಕುವೋಕರ ಮೊದಲ ತಪ್ಪು ಅದೇ. ಸಸ್ಯರೋಗಗಳ ತಪಾಸಣೆಯ ಸರ್ಕಾರಿ ಕೆಲಸ ಬಿಟ್ಟು ಶಿಕೊಕು ದ್ವೀಪದ ಹಳ್ಳಿಗೆ ಮರಳಿದ ಯುವಕ, ಅಪ್ಪನ ಕಿತ್ತಳೆ ತೋಟವನ್ನು ಸವರದೆ ಪ್ರಕೃತಿಗೆ ಬಿಟ್ಟ. ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು, ಹುಳು ಹತ್ತಿ, ತೋಟ ಒಣಗಿತು. ವರ್ಷವರ್ಷವೂ ಸವರಿಸಿಕೊಂಡು ಅಭ್ಯಾಸವಾದ ಮರ ತನ್ನ ಸಹಜ ರೂಪ ಮರೆತಿರುತ್ತದೆ, ಅದನ್ನು ಒಮ್ಮೆಗೇ ಕೈಬಿಟ್ಟರೆ ಅದು ಸಹಜವಲ್ಲ, ತಬ್ಬಲಿ ಮಾಡುವುದು ಎಂದು ಆತ ತಿಳಿದದ್ದು ಆ ಒಣಗಿದ ಮರಗಳಿಂದ. ಆ ತಪ್ಪನ್ನು ಆತ ಮುಚ್ಚಿಡಲಿಲ್ಲ, ತನ್ನ ಪುಸ್ತಕದಲ್ಲೇ ಬರೆದ. ಮುಂದೆ 1988ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಮನುಷ್ಯ. ನನ್ನಂಥವಳಿಗೆ ಆ ಪ್ರಶಸ್ತಿಗಿಂತ ಆ ಒಪ್ಪಿಗೆ ದೊಡ್ಡದಾಗಿ ಕಂಡಿದೆ.

ನಮ್ಮ ಸುತ್ತಿನ ತೋಟಗಾರರು ಬೆಳೆದ ಕುಂಬಳದ ಫೋಟೊ ತೋರಿಸುತ್ತಾರೆ. ಕೊಳೆತದ್ದನ್ನು ಯಾರೂ ತೋರಿಸುವುದಿಲ್ಲ. ನೆರೆಮನೆಯ ಹೆಣ್ಣುಮಗಳು ಕಳೆದ ವರ್ಷ ಕೈತೋಟ ಶುರುಮಾಡಿದಳು. ‘ಅಕ್ಕ, ನನ್ನ ಕೈಗುಣವೇ ಸರಿಯಿಲ್ಲ’ ಎಂದು ಒಣಗಿದ ಗುಲಾಬಿ ಗಿಡ ಹಿಡಿದುಕೊಂಡು ಬಂದಾಗ ಅವಳ ಕಣ್ಣಲ್ಲಿ ನೀರಿತ್ತು. ಕೈಗುಣ ಎಂಬ ಮಾತಿನಿಂದ ಎಷ್ಟು ಜನ ಗುದ್ದಲಿ ಕೆಳಗಿಟ್ಟಿದ್ದಾರೋ. ಬಕೆಟ್ಟಿನಲ್ಲಿ ನೀರು ತರಿಸಿ ಇಬ್ಬರೂ ಕೂತು ಬೇರು ತೊಳೆದೆವು. ಕುಂಡಕ್ಕೆ ಬಣ್ಣ ಬಳಿದಾಗ ತಳದ ತೂತು ಮುಚ್ಚಿಹೋಗಿತ್ತು.

ಈ ವರ್ಷ ಗಂಜಾಂ ಕಡೆಯವರೊಬ್ಬರಿಂದ ಒಂದು ಅಂಜೂರದ ಕಡ್ಡಿ ತಂದು ನೆಟ್ಟಿದ್ದೇನೆ. ಅಂಜೂರದ ಬೇರಿಗೆ ನೀರು ನಿಂತರೆ ಆಗದು, ಅದಕ್ಕೆ ಹಿತ್ತಲಿನ ಎತ್ತರದ ಮೂಲೆ ಕೊಟ್ಟಿದ್ದೇನೆ, ಗುಂಡಿ ತೋಡಿ ನೀರು ಇಂಗುವುದನ್ನು ಎರಡು ಸಲ ನೋಡಿಯೇ ನೆಟ್ಟದ್ದು. ಮಳೆಗಾಲದಲ್ಲಿ ಏಳು ಎಲೆ ಬಂದಿತ್ತು. ಚಳಿ ಬಿದ್ದ ಮೇಲೆ ಒಂದೊಂದಾಗಿ ಹಳದಿಯಾಗಿ ಉದುರಿ, ಈಗ ಬರೀ ಕಡ್ಡಿ ನಿಂತಿದೆ. ಮನೆಯವರು ಸತ್ತಿದೆ ಅನ್ನುತ್ತಾರೆ. ಕಿತ್ತು ನೋಡಬೇಕೆಂದು ನನಗೂ ಕೈ ತುರಿಸಿತು. ನಿನ್ನೆ ಬೆಳಿಗ್ಗೆ ಉಗುರಿನಿಂದ ಕಾಂಡದ ತೊಗಟೆಯನ್ನು ಒಂದೆಳೆಯಷ್ಟು ಕೆರೆದೆ. ಒಳಗೆ ಹಸಿರಿತ್ತು. ಕ್ಯಾಲೆಂಡರಿನಲ್ಲಿ ತಾರೀಖು ಹಾಕಿ ‘ಅಂಜೂರ, ಎಲೆ ಇಲ್ಲ, ಹಸಿರಿದೆ’ ಎಂದು ಬರೆದೆ, ನೀರು ಹಾಕಲಿಲ್ಲ.